ಎಫೆಸದ ಕಲ್ಲುಗಳೂ ಎಫೆಸದ ದೀಪವೂ
(ಶತಮಾನೋತ್ಸವದ ಸಂದರ್ಭದಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸದ ಪಾಠ)



ಶತಮಾನೋತ್ಸವದ ಅಂಗವಾಗಿ ಯಾವುದಾದರೊಂದು ಪುರಾತನ ಕ್ಷೇತ್ರದ ಪರಿಚಯ ಮಾಡಿಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ರೋಮನ್ನೂ ಲೂರ್ದನ್ನೂ ಬಿಟ್ಟು ತುರ್ಕಿ ದೇಶದ ಎಫೆಸ ಪಟ್ಟಣವನ್ನು ನಾನು ಆರಿಸಿಕೊಂಡೆ. ಅದಕ್ಕೆ ಕಾರಣವುಂಟು. ಆ ಎರಡು ಸ್ಥಳಗಳಲ್ಲಿ ಬಾಳುತ್ತಿರುವ ಧರ್ಮಸಭೆಯನ್ನು ನಾವು ಕಾಣುತ್ತೇವೆ. ಎಫೆಸದಲ್ಲಾದರೋ ಒಂದು ಕಾಲಕ್ಕೆ ಬಾಳಿ ಬೆಳಗಿದ ಧರ್ಮಸಭೆಯ ಗುರುತುಗಳನ್ನು ಹೆಚ್ಚಾಗಿ ಕಲ್ಲಿನಲ್ಲಿ ಕಾಣುತ್ತೇವೆ. ನೂರು ವರ್ಷ ತುಂಬಿದ ಸಮುದಾಯವೊಂದಕ್ಕೆ ಈ ಎರಡು ನೋಟಗಳೂ ಅವಶ್ಯಕ.

ತುರ್ಕಿಯ ಪಶ್ಚಿಮ ತೀರದಲ್ಲಿ ಇಜ್ಮೀರ್ ಎಂಬ ಮಹಾನಗರವಿದೆ. ಪ್ರಕಟನಾ ಗ್ರಂಥದಲ್ಲಿ ಬರುವ ಸ್ಮುರ್ನವೇ ಅದು. ಅಲ್ಲಿಂದ ದಕ್ಷಿಣಕ್ಕೆ ಸುಮಾರು ೭೫ ಕಿಲೋಮೀಟರ್ ಸಾಗಿದರೆ ಸೆಲ್ಚುಕ್ ಎಂಬ ಪುಟ್ಟ ಊರು ಸಿಗುತ್ತದೆ. ಅದರ ಪಕ್ಕದಲ್ಲೇ ಎಫೆಸದ ಅವಶೇಷಗಳು ಹರಡಿಕೊಂಡಿವೆ. ರೋಮನ್ನರ ಆಳ್ವಿಕೆಯಲ್ಲಿ ಇದು ಏಷ್ಯ ಪ್ರಾಂತ್ಯದ ರಾಜಧಾನಿ, ಹಡಗುಗಳು ತುಂಬಿದ ರೇವು ಪಟ್ಟಣ. ಇಂದು ಅಲ್ಲಿ ನಿಂತು ನೋಡಿದರೆ ಸಮುದ್ರವು ಹಲವು ಕಿಲೋಮೀಟರ್ ದೂರದಲ್ಲಿದೆ. ಕುಚುಕ್ ಮೆಂದೆರೆಸ್ ನದಿಯು ಶತಮಾನಗಳ ಕಾಲ ತಂದು ಸುರಿದ ಹೂಳು ರೇವನ್ನು ಮುಚ್ಚಿಹಾಕಿತು. ೨೦೧೫ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಸ್ಥಳವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಯಾತ್ರಿಕನು ಮೊದಲು ನೋಡಬೇಕಾದುದು ಅರ್ತೆಮಿದೇವಿಯ ಗುಡಿಯ ನಿವೇಶನ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದೆಂದು ಕೀರ್ತಿ ಪಡೆದ ಈ ಗುಡಿಗೆ ೧೨೭ ಕಂಬಗಳಿದ್ದವೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಕ್ರಿ.ಪೂ. ೩೫೬ರಲ್ಲಿ ಹೆರೊಸ್ತ್ರಾತ ಎಂಬವನು ತನ್ನ ಹೆಸರು ಉಳಿಯಲೆಂಬ ಒಂದೇ ಆಸೆಯಿಂದ ಅದಕ್ಕೆ ಬೆಂಕಿಯಿಟ್ಟನು. ಜನರು ಮತ್ತೆ ಕಟ್ಟಿದರು. ಕ್ರಿ.ಶ. ಮೂರನೆಯ ಶತಮಾನದಲ್ಲಿ ಗೋಥರು ಅದನ್ನು ಸೂರೆಮಾಡಿದರು. ಮುಂದೆ ಗುಡಿ ಇದ್ದ ಜಾಗವೇ ಜನರಿಗೆ ಮರೆತುಹೋಯಿತು. ರೈಲುನಿಲ್ದಾಣಗಳ ನಕ್ಷೆ ತಯಾರಿಸಲು ಬಂದಿದ್ದ ಜಾನ್ ಟರ್ಟಲ್ ವುಡ್ ಎಂಬ ಆಂಗ್ಲ ವಾಸ್ತುಶಿಲ್ಪಿಯು ಅದನ್ನು ಹುಡುಕಲು ತೊಡಗಿ, ರಂಗಮಂದಿರದಲ್ಲಿ ದೊರೆತ ಶಾಸನವೊಂದರಲ್ಲಿ ದೇವಿಯ ಮೆರವಣಿಗೆಯ ದಾರಿಯನ್ನು ಓದಿ, ಆ ದಾರಿಯನ್ನೇ ಹಿಡಿದು ಅಗೆಯಿಸುತ್ತಾ ಹೋಗಿ, ೧೮೬೯ರ ಡಿಸೆಂಬರ್ ಕೊನೆಯಲ್ಲಿ ಗುಡಿಯ ನೆಲಗಟ್ಟನ್ನು ಮುಟ್ಟಿದನು. ಇಂದು ಅಲ್ಲಿ ತುಂಡುಗಳನ್ನು ಜೋಡಿಸಿ ನಿಲ್ಲಿಸಿದ ಒಂಟಿ ಕಂಬವಿದೆ. ಅದರ ತುದಿಯಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ.

ಅಲ್ಲಿಂದ ಪಟ್ಟಣದ ಅವಶೇಷಗಳಿಗೆ ಹೋಗುವವರು ಮೇಲಿನ ದ್ವಾರದಿಂದ ಪ್ರವೇಶಿಸುವುದು ಲೇಸು. ದಾರಿ ಇಳಿಜಾರಾಗಿರುವುದರಿಂದ ವಯಸ್ಸಾದವರಿಗೂ ನಡೆಯಲು ಸುಲಭ. ಬೇಸಿಗೆಯಲ್ಲಿ ಬಿಸಿಲು ಕಠಿಣ, ನೆರಳು ಕಡಿಮೆ. ತಲೆಗೆ ಟೋಪಿ, ಕೈಯಲ್ಲಿ ನೀರು ಇರಲಿ. ಕುರೇತರ ಬೀದಿಯ ಅಮೃತಶಿಲೆಯ ಹಾಸಿನ ಮೇಲೆ ಇಳಿಯುತ್ತಾ ಬಂದರೆ ಹೆಡ್ರಿಯನ್ ಚಕ್ರವರ್ತಿಯ ಹೆಸರಿನ ಗುಡಿ ಒಂದು ಪಕ್ಕದಲ್ಲಿ, ಸಿರಿವಂತರ ಇಳಿಜಾರು ಮನೆಗಳು ಇನ್ನೊಂದು ಪಕ್ಕದಲ್ಲಿ ಕಾಣುತ್ತವೆ. ಈ ಮನೆಗಳ ಗೋಡೆಚಿತ್ರಗಳೂ ಬಣ್ಣದ ಕಲ್ಲಿನ ನೆಲಹಾಸುಗಳೂ ಇಂದಿಗೂ ಕಣ್ಣಿಗೆ ಹಬ್ಬ. ಇದಕ್ಕೆ ಪ್ರತ್ಯೇಕ ಟಿಕೇಟು ಕೊಳ್ಳಬೇಕು, ಕೊಂಡವರಿಗೆ ನಷ್ಟವಿಲ್ಲ.

ಬೀದಿಯ ಕೊನೆಯಲ್ಲಿ ಸೆಲ್ಸಸ್ ಗ್ರಂಥಾಲಯ. ಎರಡನೆಯ ಶತಮಾನದ ಆರಂಭದಲ್ಲಿ ಮಗನೊಬ್ಬನು ತಂದೆಯ ಸ್ಮರಣೆಗಾಗಿ ಕಟ್ಟಿಸಿದ ಕಟ್ಟಡವಿದು. ತಂದೆಯ ಸಮಾಧಿ ಕಟ್ಟಡದ ಅಡಿಯಲ್ಲೇ ಇದೆ. ಸುಮಾರು ೧೨,೦೦೦ ಸುರುಳಿಗಳಿಗೆ ಇಲ್ಲಿ ಸ್ಥಳವಿತ್ತೆಂದು ವಿದ್ವಾಂಸರ ಅಂದಾಜು. ಬಿದ್ದುಹೋಗಿದ್ದ ಮುಂಭಾಗವನ್ನು ಆಸ್ಟ್ರಿಯದ ಪುರಾತತ್ತ್ವಜ್ಞರು ೧೯೭೦ರ ದಶಕದಲ್ಲಿ ಕಲ್ಲಿಗೆ ಕಲ್ಲು ಹೊಂದಿಸಿ ಮತ್ತೆ ನಿಲ್ಲಿಸಿದರು. ಜ್ಞಾನವೇ ಮೊದಲಾದ ಗುಣಗಳನ್ನು ಸ್ತ್ರೀರೂಪದಲ್ಲಿ ಕಡೆದ ನಾಲ್ಕು ವಿಗ್ರಹಗಳು ಅಲ್ಲಿ ನಿಂತಿವೆ. ಅವು ಪ್ರತಿಕೃತಿಗಳು, ಮೂಲಗಳು ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿವೆ.

ಮುಂದೆ ಮಹಾ ರಂಗಮಂದಿರ. ಸುಮಾರು ೨೫,೦೦೦ ಜನ ಕುಳಿತುಕೊಳ್ಳಬಹುದಾದ ಈ ಸ್ಥಳದಲ್ಲಿ ಕ್ರೈಸ್ತನ ಕಾಲು ತಾನಾಗಿಯೇ ನಿಲ್ಲುತ್ತದೆ. ಸಂತ ಪೌಲರು ಎರಡು ವರ್ಷಗಳಿಗೂ ಮೇಲ್ಪಟ್ಟು ಈ ಪಟ್ಟಣದಲ್ಲಿ ಬೋಧಿಸಿದರು. ದೇವಿಯ ಗುಡಿಯ ಬೆಳ್ಳಿಯ ಪ್ರತಿಮೆಗಳನ್ನು ಮಾಡಿ ಮಾರುತ್ತಿದ್ದ ದೆಮೆತ್ರಿಯನು, ಪೌಲರ ಬೋಧನೆಯಿಂದ ತನ್ನ ಕಸಬಿಗೆ ಕುತ್ತು ಬಂತೆಂದು ಜನರನ್ನು ಕೆರಳಿಸಿದನು. ಗುಂಪು ಪೌಲರ ಸಂಗಡಿಗರಿಬ್ಬರನ್ನು ಹಿಡಿದೆಳೆದು ಇದೇ ರಂಗಮಂದಿರಕ್ಕೆ ನುಗ್ಗಿತು. ಎರಡು ಗಂಟೆಗಳ ಕಾಲ ದೇವಿಯ ಹೆಸರೆತ್ತಿ ಕೂಗಿತು. ಪ್ರೇಷಿತರ ಕಾರ್ಯಕಲಾಪಗಳ ಹತ್ತೊಂಬತ್ತನೆಯ ಅಧ್ಯಾಯವನ್ನು ಆ ಮೆಟ್ಟಿಲುಗಳ ಮೇಲೆ ಕುಳಿತು ಓದುವವನಿಗೆ ಒಂದು ಸಂಗತಿ ಹೊಳೆಯುತ್ತದೆ: ಅಲ್ಲಿ ಕೂಗಾಡಿದ ಭಕ್ತಿಯ ಬೆನ್ನ ಹಿಂದೆ ವ್ಯಾಪಾರವಿತ್ತು.

ಇದನ್ನು ಕೇಳಿ ನಾವು ದೆಮೆತ್ರಿಯನನ್ನು ನೋಡಿ ನಗಬೇಕಾಗಿಲ್ಲ. ೨೦೨೨ರಲ್ಲಿ ಆಸ್ಟ್ರಿಯದ ಉತ್ಖನನಕಾರರು ಇದೇ ಪಟ್ಟಣದಲ್ಲಿ, ಏಳನೆಯ ಶತಮಾನದ ಆರಂಭದಲ್ಲಿ ಹಠಾತ್ತನೆ ಸುಟ್ಟು ನಾಶವಾದ ಒಂದು ಬಡಾವಣೆ ದೊರೆತಿರುವುದನ್ನು ಪ್ರಕಟಿಸಿದರು. ಅದು ಕ್ರೈಸ್ತರ ಕಾಲ. ಅಲ್ಲಿನ ಒಂದು ಅಂಗಡಿಯಲ್ಲಿ ಯಾತ್ರಿಕರಿಗೆ ಮಾರಲು ಇಟ್ಟಿದ್ದ ಸುಮಾರು ೬೦೦ ಪುಟ್ಟ ಮಣ್ಣಿನ ಕುಡಿಕೆಗಳು ಸಿಕ್ಕಿದವು. ಯಾತ್ರೆಯ ನೆನಪಿಗೆ ಏನಾದರೊಂದನ್ನು ಮನೆಗೆ ಒಯ್ಯುವುದು ತಪ್ಪಲ್ಲ. ಆದರೆ ಅಂಗಡಿ ಬೆಳೆದು ಪ್ರಾರ್ಥನೆ ಕುಗ್ಗಿದರೆ, ದೆಮೆತ್ರಿಯನಿಗೂ ನಮಗೂ ಅಂತರವೇನು? ಜಾತ್ರೆ ಹಬ್ಬಗಳನ್ನು ನಡೆಸುವ ನಾವೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ರಂಗಮಂದಿರದ ಉತ್ತರಕ್ಕೆ ಮರಿಯಮ್ಮನವರ ದೇವಾಲಯದ ಅವಶೇಷವಿದೆ. ಬಹುತೇಕ ಪ್ರವಾಸಿಗಳು ಅವಸರದಲ್ಲಿ ಇದನ್ನು ನೋಡದೆಯೇ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಕ್ರಿ.ಶ. ೪೩೧ರ ಎಫೆಸ ಮಹಾಸಭೆಯನ್ನು ಸ್ಮರಿಸುವ ಸ್ಥಳವಿದು. ಈಗ ಕಾಣುವ ಗೋಡೆಗಳು ಮಹಾಸಭೆಗಿಂತ ಈಚಿನವೆಂದು ಕೆಲವು ಪುರಾತತ್ತ್ವಜ್ಞರು ಹೇಳುತ್ತಾರೆ. ಅದರಿಂದ ಸ್ಥಳದ ಮಹತ್ವ ಕುಂದುವುದಿಲ್ಲ. ಕಾನ್‌ಸ್ಟಾಂಟಿನೋಪಲಿನ ನೆಸ್ತೋರಿಯನು ಮರಿಯಮ್ಮನವರನ್ನು ಕ್ರಿಸ್ತಮಾತೆ ಎನ್ನಬಹುದು, ದೇವಮಾತೆ ಎನ್ನುವುದು ಸರಿಯಲ್ಲ ಎಂಬ ಪಕ್ಷ ಹಿಡಿದಿದ್ದನು. ಅಲೆಕ್ಸಾಂಡ್ರಿಯದ ಸಂತ ಸಿರಿಲರ ಮುಂದಾಳ್ತನದಲ್ಲಿ ಸೇರಿದ ಧರ್ಮಾಧ್ಯಕ್ಷರು ಜೂನ್ ೨೨ರಂದು ಈ ವಾದವನ್ನು ತಳ್ಳಿಹಾಕಿದರು. ಆ ರಾತ್ರಿ ಪಟ್ಟಣದ ಜನರು ಪಂಜುಗಳನ್ನು ಹಿಡಿದು ಅವರನ್ನು ಬಿಡಾರಗಳವರೆಗೆ ಕರೆದೊಯ್ದರು. ಅಂತಿಯೋಕ್ಯದ ಧರ್ಮಾಧ್ಯಕ್ಷರು ಬಂದು ತಲುಪುವ ಮೊದಲೇ ತೀರ್ಮಾನವಾದ್ದರಿಂದ ಬಿರುಕು ಮೂಡಿತು. ಎರಡು ವರ್ಷಗಳ ಬಳಿಕ, ೪೩೩ರಲ್ಲಿ, ಉಭಯ ಪಕ್ಷಗಳೂ ಒಂದು ಒಪ್ಪಿಗೆಗೆ ಬಂದವು. ಮರಿಯಮ್ಮನವರ ಹಿರಿಮೆಗಿಂತಲೂ ಹೆಚ್ಚಾಗಿ ಅಲ್ಲಿ ಚರ್ಚೆಗೆ ಬಂದುದು ಅವರ ಮಗನು ಯಾರು ಎಂಬ ಪ್ರಶ್ನೆ. ನಿಮ್ಮ ಮನೆಗಳಲ್ಲಿ ಸಂಜೆ ಜಪಸರ ಹೇಳುವಾಗ ಮಕ್ಕಳ ಬಾಯಲ್ಲಿ ಬರುವ ‘ದೇವಮಾತೆ’ ಎಂಬ ಮಾತನ್ನು ಧರ್ಮಸಭೆಯು ಎಫೆಸದಲ್ಲಿ ದೃಢಪಡಿಸಿತೆಂಬುದನ್ನು ನೆನೆಯಿರಿ.

ಸೆಲ್ಚುಕ್ ಊರಿನ ಅಯಾಸುಲುಕ್ ಗುಡ್ಡದ ಮೇಲೆ ಸಂತ ಯೊವಾನ್ನರ ಸಮಾಧಿಯೆಂದು ಪರಂಪರೆ ಹೇಳುವ ಸ್ಥಳವಿದೆ. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಅದರ ಮೇಲೆ ಶಿಲುಬೆಯಾಕಾರದ ಮಹಾದೇವಾಲಯವನ್ನು ಕಟ್ಟಿಸಿದನು. ಇಂದು ಗುಮ್ಮಟಗಳಿಲ್ಲ, ಆಕಾಶವೇ ಮಾಡು. ಗುಡ್ಡದ ಬುಡದಲ್ಲಿ ೧೩೭೫ರ ಇಸಾ ಬೇ ಮಸೀದಿಯಿದೆ. ಅರ್ತೆಮಿಯ ಕಂಬ, ಮಸೀದಿಯ ಗೋಡೆ, ಸಂತರ ಸಮಾಧಿ — ಮೂರನ್ನೂ ಒಂದೇ ನೋಟದಲ್ಲಿ ಇಲ್ಲಿ ಕಾಣಬಹುದು.

ಕೊನೆಯದಾಗಿ ಬುಲ್ಬುಲ್ ಬೆಟ್ಟದ ಮೇಲಿನ ಮರಿಯಮ್ಮನವರ ಮನೆ. ಜರ್ಮನಿಯ ಕನ್ಯಾಸ್ತ್ರೀ ಆನ್ ಕ್ಯಾಥರಿನ್ ಎಮರಿಕ್ ಅವರು ಕಂಡ ದರ್ಶನಗಳ ವಿವರಣೆಯನ್ನು ಹಿಡಿದು, ೧೮೯೧ರಲ್ಲಿ ಇಜ್ಮೀರಿನ ಲಾಜರಿಸ್ಟ್ ಗುರುಗಳು ಈ ಕಟ್ಟಡವನ್ನು ಗುರುತಿಸಿದರು. ಆರನೆಯ ಪೌಲರು ೧೯೬೭ರಲ್ಲಿ, ಎರಡನೆಯ ಜಾನ್ ಪೌಲರು ೧೯೭೯ರಲ್ಲಿ, ಹದಿನಾರನೆಯ ಬೆನೆಡಿಕ್ಟರು ೨೦೦೬ರಲ್ಲಿ ಇಲ್ಲಿಗೆ ಬಂದು ಪ್ರಾರ್ಥಿಸಿದರು. ಆದರೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮಾತೆಯವರು ಇಲ್ಲಿಯೇ ವಾಸಿಸಿದರೆಂದು ಧರ್ಮಸಭೆಯು ವಿಧಿಬದ್ಧವಾಗಿ ಘೋಷಿಸಿಲ್ಲ. ಅವರ ಕೊನೆಯ ದಿನಗಳನ್ನು ಜೆರುಸಲೇಮಿಗೆ ಸೇರಿಸುವ ಪರಂಪರೆಯೂ ಪುರಾತನವಾದುದೇ. ಗೌರವದಿಂದ ಹೋಗಿ ಪ್ರಾರ್ಥಿಸೋಣ. ವಿಶ್ವಾಸಸೂತ್ರಕ್ಕೆ ಇದನ್ನು ಸೇರಿಸದಿರೋಣ. ಮುಸಲ್ಮಾನ ಸೋದರಿಯರೂ ಇಲ್ಲಿಗೆ ಬಂದು ಮರಿಯಮ್ಮನವರನ್ನು ನೆನೆಯುತ್ತಾರೆ. ಅವರ ಪವಿತ್ರ ಗ್ರಂಥದ ಹತ್ತೊಂಬತ್ತನೆಯ ಅಧ್ಯಾಯಕ್ಕೆ ಮರ್ಯಮ್ ಎಂದೇ ಹೆಸರು.

ಪ್ರಿಯ ಬಾಂಧವರೇ, ಪ್ರಕಟನಾ ಗ್ರಂಥದ ಏಳು ಪತ್ರಗಳಲ್ಲಿ ಮೊದಲನೆಯದು ಎಫೆಸದವರಿಗೆ ಬಂದುದು. ಅವರ ದುಡಿಮೆಯನ್ನೂ ತಾಳ್ಮೆಯನ್ನೂ ಪ್ರಭುವು ಮೆಚ್ಚುತ್ತಾರೆ. ಆದರೆ ಮೊದಲಿನ ಪ್ರೀತಿ ಅವರಲ್ಲಿ ಆರಿಹೋಗಿದೆಯೆಂದು ದೂರುತ್ತಾರೆ; ಹಿಂದಿರುಗದಿದ್ದರೆ ದೀಪಸ್ತಂಭವನ್ನು ಅದರ ಸ್ಥಳದಿಂದ ತೆಗೆದುಬಿಡುವುದಾಗಿ ಎಚ್ಚರಿಸುತ್ತಾರೆ. ಆ ದೀಪ ಸರಿದುದು ಅಲ್ಲಿನವರ ತಪ್ಪಿನಿಂದಲೇ ಎಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಹೂಳು ತುಂಬಿತು, ದಾಳಿಗಳಾದವು, ರಾಜ್ಯಗಳು ಉರುಳಿದವು. ಸುತ್ತಲ ಹಳ್ಳಿಗಳಲ್ಲಿ ಉಳಿದಿದ್ದ ಗ್ರೀಕ್ ಕ್ರೈಸ್ತರು ಯುದ್ಧದ ಕಾರಣದಿಂದಲೂ ೧೯೨೩ರ ಜನವಿನಿಮಯದ ಒಪ್ಪಂದದಿಂದಲೂ ಊರು ಬಿಟ್ಟು ಹೋದರು. ಅವರ ಕಣ್ಣೀರಿನ ಮುಂದೆ ನಾವು ಮೌನವಾಗಿರಬೇಕು.

ಆದರೆ ಆ ಪತ್ರ ನಮಗೂ ಬಂದಿದೆ. ಎಫೆಸದಲ್ಲಿ ಅಮೃತಶಿಲೆಗೆ ಕೊರತೆಯಿರಲಿಲ್ಲ, ಪ್ರೇಷಿತರೇ ಬೋಧಿಸಿದ್ದರು, ಮಹಾಸಭೆಯೇ ಸೇರಿತ್ತು. ಇಷ್ಟೆಲ್ಲ ಇದ್ದೂ ಕಲ್ಲು ದೀಪವನ್ನು ಹಿಡಿದಿಡಲಿಲ್ಲ. ಹಿರಿಯರು ಕಟ್ಟಿಕೊಟ್ಟ ಈ ದೇವಾಲಯಕ್ಕೆ ನಾವು ಸುಣ್ಣ ಬಳಿದು ಹೊಸ ಗಂಟೆ ತೂಗಿಸಬಹುದು. ಪಕ್ಕದ ಮನೆಯವನೊಡನೆ ಮಾತು ಬಿಟ್ಟವನು ಹಾಗೆಯೇ ಬಲಿಪೂಜೆಗೆ ಬಂದು ಹೋದರೆ, ರೋಗಿಯ ಮನೆಯ ಕದ ತಟ್ಟುವವರಿಲ್ಲದಿದ್ದರೆ, ಆ ಗಂಟೆ ಯಾರನ್ನು ಕರೆಯಬೇಕು? ಎಫೆಸಕ್ಕೆ ಹೋಗಲು ಅನುಕೂಲವುಳ್ಳವರು ಹೋಗಿ ಬನ್ನಿರಿ. ಹೋಗಲಾಗದವರು ಬೇಸರಿಸಬೇಡಿ, ಇಂದು ಸಂಜೆಯೇ, ಮಾತು ಬಿಟ್ಟ ಮನೆಯೊಂದಕ್ಕೆ ಹೋಗಿ ಬನ್ನಿರಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.