‘ಏಕ್ ಅನೇಕ್ ಔರ್ ಏಕತಾ’ ಮತ್ತು ಅದನ್ನು ಮಾಡಿದ ಅಕ್ಕ



ಧಾರವಾಡದಿಂದ ಮದುವೆಯಾಗಿ ಮುಂಬಯಿಗೆ ಬಂದ ಹೊಸದರಲ್ಲಿ ನನಗೆ ಹಿಂದಿ ಬರುತ್ತಿರಲಿಲ್ಲ, ಮರಾಠಿಯೂ ಅಷ್ಟಕ್ಕಷ್ಟೆ. ಪಕ್ಕದ ಮನೆಯವರ ಟಿ.ವಿ.ಯಲ್ಲಿ ಅಕ್ಕ-ತಮ್ಮನ ಒಂದು ಕಾರ್ಟೂನ್ ಬರುತ್ತಿತ್ತು. ‘ಅನೇಕ್’ ಅಂದರೇನು ಎಂದು ತಮ್ಮ ಕೇಳುತ್ತಾನೆ. ಸೂರ್ಯ ಒಬ್ಬನೇ, ನಕ್ಷತ್ರಗಳು ಹಲವು ಎಂದು ಅಕ್ಕ ತೋರಿಸುತ್ತಾಳೆ. ಆ ಪುಟ್ಟ ಹುಡುಗನ ಜೊತೆ ಕೂತು ನಾನೂ ಹಿಂದಿ ಕಲಿತೆ ಅನ್ನಿ!

ಅದೇ 1974ರ ‘ಏಕ್ ಅನೇಕ್ ಔರ್ ಏಕತಾ’. ಹಾಡು ನಮಗೆಲ್ಲ ನೆನಪಿದೆ, ಮಾಡಿದವರು ನೆನಪಿಲ್ಲ. ನಿರ್ದೇಶಿಸಿದವರು ಒಬ್ಬ ಮಹಿಳೆ, ವಿಜಯಾ ಮುಳೆ. 1921ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮರಾಠಿ ಹುಡುಗಿ. ಮದುವೆಯಾಗಿ ಪಟ್ನಾಕ್ಕೆ ಹೋದರು, ಅಲ್ಲೇ ಓದು ಮುಂದುವರಿಸಿದರು, ಇಂಗ್ಲೆಂಡಿನ ಲೀಡ್ಸ್‌ನಲ್ಲಿಯೂ ಕಲಿತರು. ಆಮೇಲೆ ಸರ್ಕಾರದ ಶಿಕ್ಷಣ ಇಲಾಖೆಯ ನೌಕರಿ. ಸಿನಿಮಾ ವಲಯದಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ‘ಅಕ್ಕ’ ಎಂದೇ. ನಟಿ ಸುಹಾಸಿನಿ ಮುಳೆ ಅವರ ಮಗಳು.

ಚಿತ್ರಗಳಿಗೆ ಜೀವ ಕೊಟ್ಟವರು ಭೀಮಸೇನ್. ದೇಶ ವಿಭಜನೆಯಲ್ಲಿ ಮುಲ್ತಾನ್ ಬಿಟ್ಟು ಬಂದ ಕುಟುಂಬದವರು. ಆಗ ಕಂಪ್ಯೂಟರ್ ಇರಲಿಲ್ಲ, ಎಲ್ಲ ಕೈಯಲ್ಲೇ ಬರೆಯಬೇಕು. ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ ಸುಮಾರು ಏಳು ನಿಮಿಷಕ್ಕೆ ಹತ್ತು ಸಾವಿರ ಚೌಕಟ್ಟುಗಳು! ಒಂದೇ ಚಿತ್ರವನ್ನು ಎರಡು ಸಲ ಬಳಸಿದರೂ ಎಷ್ಟು ದುಡಿಮೆ, ನೀವೇ ಯೋಚಿಸಿ. ಸಂಗೀತ ವಸಂತ ದೇಸಾಯಿ ಅವರದು. ಹಾಡಿನ ಎಳೆಯ ದನಿ ಮುಂದೆ ಪ್ರಸಿದ್ಧರಾದ ಸಾಧನಾ ಸರ್‌ಗಮ್ ಅವರದು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಹುಟ್ಟೂರು ಬಿಟ್ಟು ಬೇರೆ ಭಾಷೆಯ ನಡುವೆ ಬದುಕಿದವರು ಮಾಡಿದ ಚಿತ್ರ ಇದು. ಹಾಗಾಗಿಯೇ ಅವರಿಗೆ ಏಕತೆ ಬರೀ ಘೋಷಣೆ ಆಗಿರಲಿಲ್ಲ ಅನಿಸುತ್ತದೆ ನನಗೆ. ಬಲೆಯನ್ನೇ ಹೊತ್ತು ಹಾರುವ ಪಂಚತಂತ್ರದ ಹಕ್ಕಿಗಳ ಕಥೆ ಇದರಲ್ಲಿದೆ. ಒಟ್ಟಿಗೆ ಹಾರುವಾಗಲೂ ಹಕ್ಕಿ ಹಕ್ಕಿಯೇ. ಬಲೆ ಕತ್ತರಿಸಲು ಇಲಿ ಬೇಕಾಯಿತು. ಅದಕ್ಕೆ ಇಲಿ ಹಕ್ಕಿಯಾಗಬೇಕಿರಲಿಲ್ಲ. ಕೊನೆಯ ಹಾಡಿನಲ್ಲಿ ನಮ್ಮ ಕೃಷ್ಣೆ, ಕಾವೇರಿಯರ ಹೆಸರೂ ಬರುತ್ತದೆ. ಕಡಲು ಸೇರುವ ಮೊದಲು ಅವು ತಮ್ಮ ತಮ್ಮ ದಾರಿಯಲ್ಲೇ ಹರಿಯುತ್ತವೆ, ಅಲ್ಲವೇ?

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಎಲ್ಲರೊಳಗೆ ಒಂದಾಗುವ ಆತುರದಲ್ಲಿ ನಾನು ಮಕ್ಕಳ ಜೊತೆ ಕನ್ನಡ ಕಡಿಮೆ ಮಾಡಿದೆ. ಇಂದು ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಅದಕ್ಕೆ ಯಾರನ್ನೂ ದೂರಲಾರೆ, ತಪ್ಪು ನನ್ನದೇ. ಹೋದ ತಿಂಗಳು ಅವಳಿಗೆ ಈ ಚಿತ್ರ ತೋರಿಸಿ, ಹಕ್ಕಿಗಳ ಕಥೆಯನ್ನು ಕನ್ನಡದಲ್ಲಿ ಹೇಳಿದೆ. “ಅಜ್ಜಿ, ಇನ್ನೊಮ್ಮೆ” ಅಂದಳು. ಎರಡೇ ಪದ. ನನಗೆ ಕಣ್ಣು ತುಂಬಿ ಬಂತು.

ವಿಜಯಾ ಅಕ್ಕ 2019ರಲ್ಲಿ, 98ನೆಯ ವಯಸ್ಸಿನಲ್ಲಿ ನಮ್ಮನ್ನಗಲಿದರು. ಗೆಳತಿಯರೇ, ಈ ವಾರ ನೀವೂ ನಿಮ್ಮ ಮನೆಯ ಮಕ್ಕಳಿಗೆ ಆ ಚಿತ್ರ ತೋರಿಸಿ, ಕಥೆಯನ್ನು ಮಾತ್ರ ಕನ್ನಡದಲ್ಲೇ ಹೇಳಿ.