ಕೂದಲಿಗೆ ಬೇಕಾದುದು ಗಾಳಿ



ಚಿತ್ರದುರ್ಗದ ಸೀಮೆಯವರಿಗೆ ಗಾಳಿಯ ವಿಷಯವನ್ನು ಹೊಸದಾಗಿ ಹೇಳಬೇಕಾದ್ದಿಲ್ಲ. ಆಷಾಢ ಬಂದಿತೆಂದರೆ ಹಿತ್ತಿಲಲ್ಲಿ ಹರವಿದ ಸೀರೆಯನ್ನು ನೆರೆಮನೆಯಲ್ಲಿ ಹುಡುಕಬೇಕಾಗುತ್ತದೆ. ಜೋಗಿಮಟ್ಟಿಯ ಸುತ್ತಣ ಗುಡ್ಡಗಳ ಮೇಲೆ ಆ ಗಾಳಿಯಿಂದಲೇ ವಿದ್ಯುತ್ತು ತೆಗೆಯುವ ಯಂತ್ರಗಳು ಸಾಲಾಗಿ ನಿಂತಿವೆ. ಹಿರಿಯೂರಿನ ಒಣ ಬಯಲಿನಲ್ಲಂತೂ ಬೇಸಗೆಯ ದಿನ ತಲೆಗೆ ಎರೆದುಕೊಂಡು ಅಂಗಳದಲ್ಲಿ ಕುಳಿತರೆ ಕೂದಲು ಆರಲು ಹೆಚ್ಚು ಹೊತ್ತು ಬೇಕಿಲ್ಲ. ಇಂಥ ಊರಿನಲ್ಲಿ ಹೇರ್ ಡ್ರೈಯರ್ ಏತಕ್ಕೆ ಎಂದು ಮನೆಯ ಹಿರಿಯರು ಕೇಳಿದರೆ, ಆ ಪ್ರಶ್ನೆ ನ್ಯಾಯವಾದುದೇ.

ಆದರೆ ಹೊಸದುರ್ಗದಿಂದಲೋ ಹೊಳಲ್ಕೆರೆಯಿಂದಲೋ ಬೆಳಗಿನ ಬಸ್ಸಿಗೆ ಚಿತ್ರದುರ್ಗದ ಕಾಲೇಜಿಗೆ ಹೊರಡುವ ಹುಡುಗಿಗೆ ಬಿಸಿಲು ಕಾಯುವ ವ್ಯವಧಾನವೆಲ್ಲಿ? ಅವಳು ಒದ್ದೆಯ ಕೂದಲನ್ನೇ ಬಿಗಿದು ಜಡೆ ಹೆಣೆದುಕೊಂಡು ಹೋಗುತ್ತಾಳೆ. ಸಂಜೆ ಬಿಚ್ಚಿದಾಗ ಬುಡದಲ್ಲಿ ಇನ್ನೂ ತೇವ, ಮುಗ್ಗಲು ವಾಸನೆ. ನೀರು ಕುಡಿದ ಕೂದಲು ಉಬ್ಬಿ ಮೆತ್ತಗಾಗಿರುತ್ತದೆ. ಎಳೆದು ಹೆಣೆದರೆ ಸುಲಭವಾಗಿ ತುಂಡಾಗುತ್ತದೆ. ಅಂಥವಳಿಗೆ ಈ ಯಂತ್ರ ಷೋಕಿಯ ವಸ್ತುವಲ್ಲ. ಆದರೆ ಅದನ್ನು ಅರಿತು ಕೊಳ್ಳಬೇಕು, ಅರಿತು ಬಳಸಬೇಕು.

ನಮ್ಮದು ಕುರಿ ಸಾಕಿ ಕಂಬಳಿ ನೇಯುವ ಜಿಲ್ಲೆ. ಕುರಿಯ ಉಣ್ಣೆಯೂ ನಮ್ಮ ತಲೆಗೂದಲೂ ಕೆರಾಟಿನ್ ಎಂಬ ಒಂದೇ ಜಾತಿಯ ವಸ್ತುವಿನಿಂದಾದವು. ಒಗೆದ ಕಂಬಳಿಯನ್ನು ಯಾರೂ ಬೆಂಕಿಯ ಮೇಲೆ ಹಿಡಿದು ಒಣಗಿಸುವುದಿಲ್ಲ. ನೀರು ಬಸಿದು, ಗಾಳಿಯಾಡುವ ಕಡೆ ಹರವುತ್ತೇವೆ. ಕೂದಲಿಗೂ ಅದೇ ನ್ಯಾಯ. ಹೇರ್ ಡ್ರೈಯರಿನೊಳಗೆ ಮುಖ್ಯವಾಗಿ ಇರುವುದು ಎರಡೇ: ಒಂದು ಸಣ್ಣ ಫ್ಯಾನು, ಬಿಸಿಯಾಗುವ ತಂತಿಯ ಒಂದು ಸುರುಳಿ. ಕೂದಲ ಸುತ್ತ ನಿಂತ ತೇವದ ಗಾಳಿಯನ್ನು ಸರಿಸಿ ಒಣಗಾಳಿ ತರುವುದು ಫ್ಯಾನು. ಬಿಸಿ ಅದಕ್ಕೆ ನೆರವು ಮಾತ್ರ. ಫ್ಯಾನು ಯಜಮಾನ, ತಂತಿ ಆಳು ಎಂದು ನೆನಪಿಟ್ಟರೆ ಸಾಕು.

2011ರಲ್ಲಿ ಕೊರಿಯಾ ದೇಶದ ವೈದ್ಯರು ಇದನ್ನು ಅಳೆದು ನೋಡಿದರು. ಯಂತ್ರವನ್ನು 5 ಸೆಂಟಿಮೀಟರಿನಷ್ಟು ಹತ್ತಿರ ಹಿಡಿದಾಗ ಕೂದಲಿಗೆ ತಾಗುವ ಬಿಸಿ 95 ಡಿಗ್ರಿ. 10 ಸೆಂಟಿಮೀಟರಿನಲ್ಲಿ 61. 15 ಸೆಂಟಿಮೀಟರಿನಲ್ಲಿ 47. ಬಿಸಿ ಹೆಚ್ಚಿದಷ್ಟೂ ಕೂದಲ ಮೇಲ್ಪದರ ಕೆಟ್ಟಿತು. ಆದರೆ ಯಂತ್ರವಿಲ್ಲದೆ ತಾನಾಗಿ ಆರಲು ಬಿಟ್ಟ ಕೂದಲು ಬಹಳ ಹೊತ್ತು ಒದ್ದೆಯಾಗಿಯೇ ಇದ್ದು, ಅದರ ಒಳಪದರಕ್ಕೆ ಹಾನಿಯಾಗಿತ್ತು. ದೂರದಿಂದ, ಆಡಿಸುತ್ತ ಹಿಡಿದರೆ ಯಂತ್ರವೇ ಮೇಲೆಂದು ಅವರು ಕಂಡರು. ನಿಮಗೆ ಅಳತೆಗೋಲು ಬೇಡ. ಒಂದು ಗೇಣು ದೂರ ಹಿಡಿಯಿರಿ.

ಇನ್ನು ಕೊಳ್ಳುವ ಮಾತು. ಅಂಗಡಿಗೆ ಹೋಗುವ ಮೊದಲು ಮನೆಯ ಗೋಡೆಯ ಪ್ಲಗ್ಗನ್ನು ನೋಡಿ. ಸಣ್ಣ ಪ್ಲಗ್ಗು 6 ಆಂಪಿಯರಿನದು, ಹಳೆಯ ಮನೆಗಳಲ್ಲಿ 5. ದೊಡ್ಡದು 15 ಅಥವಾ 16. ನಮ್ಮ ವಿದ್ಯುತ್ತು 230 ವೋಲ್ಟಿನದು. 1000 ವ್ಯಾಟಿನ ಯಂತ್ರ ಸುಮಾರು 4.3 ಆಂಪಿಯರ್ ಎಳೆಯುತ್ತದೆ, 1200ರದು 5.2, 2000ದ್ದು 8.7. ಎಂದರೆ 2000 ವ್ಯಾಟಿನದನ್ನು ಸಣ್ಣ ಪ್ಲಗ್ಗಿಗೆ ಸಿಕ್ಕಿಸಿದರೆ ಪ್ಲಗ್ಗೇ ಕಾದು ಕರಗೀತು. ಮನೆಬಳಕೆಗೆ 1000ದಿಂದ 1200 ಧಾರಾಳವಾಯಿತು. 1200 ವ್ಯಾಟಿನದನ್ನು ಹತ್ತು ನಿಮಿಷ ನಡೆಸಿದರೆ ಖರ್ಚು ಯೂನಿಟ್ಟಿನ ಐದರಲ್ಲೊಂದು ಪಾಲು.

ತಣ್ಣನೆಯ ಗಾಳಿಗೆ ಬೇರೆ ಗುಂಡಿ ಇರುವುದನ್ನೇ ಆರಿಸಿ. ಐ.ಎಸ್.ಐ. ಮುದ್ರೆ ನೋಡಿ. ಚೌಕದೊಳಗೊಂದು ಚೌಕದ ಗುರುತಿದ್ದರೆ ಒಳಗೆ ಎರಡು ಪದರದ ರಕ್ಷಣೆ ಉಂಟೆಂದು ಅರ್ಥ. ಅಮೆರಿಕದಲ್ಲಿರುವ ಮಗನೋ ತಮ್ಮನೋ ತಂದುಕೊಟ್ಟದ್ದಾದರೆ ಬೆನ್ನಿನ ಬರಹವನ್ನು ಓದಿ. 120 ವೋಲ್ಟು ಎಂದಷ್ಟೇ ಇದ್ದರೆ ಇಲ್ಲಿಯ ಪ್ಲಗ್ಗಿಗೆ ಹಾಕಲೇಬೇಡಿ. ತಂತಿ ಮೂರೂವರೆ ಪಟ್ಟಿಗೂ ಮೀರಿ ಕಾದು ಸುಟ್ಟುಹೋಗುತ್ತದೆ.

ಬಳಸುವ ಕ್ರಮ ಹೀಗೆ. ಮೊದಲು ಟವೆಲಿನಿಂದ ಕೂದಲನ್ನು ಒತ್ತಿ ನೀರು ತೆಗೆಯಿರಿ, ತಿಕ್ಕಬೇಡಿ. ಸ್ವಲ್ಪ ಹೊತ್ತು ಹಾಗೆಯೇ ಆರಲಿ. ಬಿಡಿಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ, ಬುಡದಿಂದ ತುದಿಯ ಕಡೆಗೆ ಗಾಳಿ ಹಾಯಿಸಿ. ಒಂದೇ ಕಡೆ ನಿಲ್ಲಿಸಬೇಡಿ. ಮುಕ್ಕಾಲು ಪಾಲು ಆರಿದೊಡನೆ ಬಿಸಿ ನಿಲ್ಲಿಸಿ, ತಣ್ಣನೆಯ ಗಾಳಿ ಕೊಡಿ. ಉಳಿದ ಕಾಲು ಭಾಗವನ್ನು ಹಿರಿಯೂರು, ಚಿತ್ರದುರ್ಗದ ಒಣಹವೆ ಬೇಗ ಮುಗಿಸುತ್ತದೆ. ಹೊಳಲ್ಕೆರೆಯ ಅಡಿಕೆ ತೋಟಗಳ ಕಡೆ ಮಳೆ ಹಿಡಿದ ದಿನ ತಣ್ಣನೆಯ ಗಾಳಿಯನ್ನೇ ಇನ್ನಷ್ಟು ಹೊತ್ತು ಹಿಡಿಯಬೇಕಾದೀತು. ಎಣ್ಣೆ ಹಚ್ಚಿದ ತಲೆಗೆ ಬಿಸಿಗಾಳಿ ಬೇಡ. ಯಂತ್ರದಿಂದ ತಲೆ ನರೆಯುತ್ತದೆಂಬ ಭಯವೂ ಬೇಡ. ಕೂದಲಿಗೆ ಬಣ್ಣ ಬರುವುದು ನೆತ್ತಿಯ ಚರ್ಮದೊಳಗೆ, ಹೊರಗಿನ ಎಳೆಯಲ್ಲಲ್ಲ.

ಈಗ ಪ್ರಾಣದ ಮಾತು. ಬಚ್ಚಲಿನಲ್ಲಿ ಈ ಯಂತ್ರವನ್ನು ಎಂದಿಗೂ ಬಳಸಬೇಡಿ. ಸ್ವಿಚ್ಚು ಆರಿಸಿದ್ದರೂ ಪ್ಲಗ್ಗಿನಲ್ಲಿ ಸಿಕ್ಕಿಸಿದ್ದರೆ ಒಳಗೆ ವಿದ್ಯುತ್ತು ಇರಬಹುದು. ನೀರಿನ ಬಕೆಟ್ಟಿಗೆ ಬಿದ್ದರೆ ಮುಟ್ಟದೆ ಮೊದಲು ಮೈನ್ ಸ್ವಿಚ್ಚನ್ನು ಆರಿಸಿ. ಕೈ ಒರೆಸಿಕೊಂಡು, ಕಾಲಿಗೆ ಚಪ್ಪಲಿ ಮೆಟ್ಟಿ, ಒಣ ನೆಲದ ಮೇಲೆ ನಿಂತು ಬಳಸಿ. ಮುಗಿದೊಡನೆ ಪ್ಲಗ್ಗು ಕೀಳಿರಿ. ಹಿಂಭಾಗದ ಜಾಲರಿಯಲ್ಲಿ ಧೂಳು, ಉದುರಿದ ಕೂದಲು ಕಟ್ಟಿಕೊಂಡರೆ ಗಾಳಿ ಸಾಲದೆ ತಂತಿ ಅತಿಯಾಗಿ ಕಾಯುತ್ತದೆ. ಆಗಾಗ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ.

ಬಾಣಂತಿಯ ಕೋಣೆಯ ವಿಷಯವನ್ನೂ ಹೇಳಬೇಕು. ಕಿಟಕಿ ಬಾಗಿಲು ಮುಚ್ಚಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಮೇಲೆ ಬುಟ್ಟಿ ಕವುಚಿ ಕೂದಲು ಆರಿಸುವುದು ನಮ್ಮಲ್ಲಿ ರೂಢಿ. ಮುಚ್ಚಿದ ಕೋಣೆಯ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ, ವಾಸನೆಯೂ ಇಲ್ಲದ ವಿಷಾನಿಲ ಹುಟ್ಟುತ್ತದೆ. ತಾಯಿಗೂ ಹಸುಳೆಗೂ ಅದು ಅಪಾಯ. ಅಲ್ಲಿ ಕೆಂಡಕ್ಕಿಂತ ಕಡಮೆ ಬಿಸಿಯ ಡ್ರೈಯರ್ ವಾಸಿ. ಧೂಪದ ಪರಿಮಳವೇ ಬೇಕೆಂದಾದರೆ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಕಿಟಕಿ ತೆರೆದಿಟ್ಟು ಹಾಕಿರಿ. ಮಗುವಿನ ತಲೆಗೆ ಮಾತ್ರ ಯಂತ್ರವೂ ಬೇಡ, ಹೊಗೆಯೂ ಬೇಡ. ಮೆತ್ತನೆಯ ಹಳೆಯ ಪಂಚೆಯ ತುಂಡು ಸಾಕು.

ಬಿಡುವಿದ್ದ ಭಾನುವಾರ ಅಂಗಳದ ಗಾಳಿಯೇ ಇದೆ. ಬಸ್ಸಿಗೆ ಅವಸರವಿದ್ದ ದಿನ ಈ ಪುಟ್ಟ ಫ್ಯಾನನ್ನು ಗೇಣು ದೂರದಿಂದ, ಒಣ ಕೈಯಿಂದ ಬಳಸಿ.