ಯಂತ್ರ ಬದಲಾದಾಗ ಸಣ್ಣವರಿಗೂ ಸರದಿ
(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ದೊಡ್ಡ ಕಂಪನಿಗಳ ಎದುರು ನಮ್ಮಂಥ ಸಣ್ಣ ಸಂಘ ಎಷ್ಟು ದಿನ ನಿಂತೀತು ಅಂತ ಕೆಲವರು ಕೇಳ್ತಾರೆ. ಅದಕ್ಕೆ ನಮಗೆ ತಿಳಿದಷ್ಟು ಎರಡು ಮಾತು ಹೇಳ್ತೀವಿ.

ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಆಗ ಪೋಲ್ಸನ್ ಕಂಪನಿಯದೇ ದರ್ಬಾರು. 1946ರಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ರೈತರು ಆಣಂದದಲ್ಲಿ ಒಕ್ಕೂಟ ಕಟ್ಟಿದರು. ಅವರದು ಹೆಚ್ಚಾಗಿ ಎಮ್ಮೆ ಹಾಲು. ಚಳಿಗಾಲದಲ್ಲಿ ಹಾಲು ಉಕ್ಕಿ ಹರಿಯೋದು, ಅಷ್ಟನ್ನೂ ಮುಂಬಯಿ ಕೊಳ್ಳುತ್ತಿರಲಿಲ್ಲ. ಪುಡಿ ಮಾಡೋಣ ಅಂದರೆ, ಎಮ್ಮೆ ಹಾಲಿನಿಂದ ಪುಡಿ ಆಗೋದಿಲ್ಲ ಅಂತ ಪರದೇಶದ ಪಂಡಿತರ ಮಾತು. ಅವರ ದೇಶದಲ್ಲಿ ಹಸುವಿನ ಹಾಲು ಯಥೇಚ್ಛ, ಅವರಿಗೆ ಆ ತಲೆನೋವೇ ಇರಲಿಲ್ಲ. ಕುರಿಯನ್ ಅವರ ಜೊತೆಗಾರ ದಲಾಯಾ ಅವರು ಅದನ್ನು ಮಾಡಿ ತೋರಿಸಿದರು. 1955ರಲ್ಲಿ ನೆಹರೂ ಅವರು ಕಾರ್ಖಾನೆ ಉದ್ಘಾಟಿಸಿದರು. ಮಿಕ್ಕುತ್ತಿದ್ದ ಹಾಲಿಗೂ ಬೆಲೆ ಬಂತು. ಹಳೇ ದಾರಿಯಲ್ಲಿ ಲಾಭ ಕಂಡವನು ಹೊಸ ದಾರಿ ಹುಡುಕೋದು ನಿಧಾನ. ಅಷ್ಟರಲ್ಲಿ ಗತಿಯಿಲ್ಲದವನು ಅದನ್ನು ಹುಡುಕಿಕೊಂಡಿರುತ್ತಾನೆ.

ನಮ್ಮ ಡೇರಿಯಲ್ಲೇ ನೋಡಿ. ಕಣ್ಣಂದಾಜಿನಲ್ಲಿ ಹಾಲು ಅಳೆಯುವ ಕಾಲದಲ್ಲಿ ಕೊಳ್ಳುವವನು ಹೇಳಿದ್ದೇ ರೇಟು. ಈಗ ಯಂತ್ರಕ್ಕೆ ಒಂದಿಷ್ಟು ಹಾಲು ಹಾಕಿದರೆ ಫ್ಯಾಟು, ಎಸ್.ಎನ್.ಎಫ್. ಎರಡೂ ನಿಮಿಷದಲ್ಲಿ ಗೊತ್ತಾಗುತ್ತೆ. ಒಂದು ಲೀಟರು ತಂದ ಅಜ್ಜಿಗೂ ಇಪ್ಪತ್ತು ಲೀಟರು ತಂದ ಗೌಡರಿಗೂ ಅದೇ ಲೆಕ್ಕ.

ಕೊಬ್ಬರಿಗೂ ಅಂಥ ಕಾಲ ಬಂದಿದೆ. 2014ರಲ್ಲಿ ಕರ್ನಾಟಕದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾಯಿತು. ತಿಪಟೂರು ಎ.ಪಿ.ಎಂ.ಸಿ.ಗೂ ಕಂಪ್ಯೂಟರ್ ಟೆಂಡರ್ ಬಂತು. ಒಬ್ಬ ವರ್ತಕ ಬರೆದ ಬೆಲೆ ಇನ್ನೊಬ್ಬನಿಗೆ ಕಾಣೋದಿಲ್ಲ. ಹೆಚ್ಚು ಬರೆದವನನ್ನು ಕಂಪ್ಯೂಟರೇ ಆರಿಸುತ್ತೆ. ಬೆಲೆ ಒಪ್ಪದಿದ್ದರೆ ಕೊಡೋಲ್ಲ ಅನ್ನುವ ಹಕ್ಕು ರೈತನಿಗಿದೆ. ಲೈಸೆನ್ಸ್ ಪಡೆದ ಹೊಸ ವರ್ತಕನೂ ಹಳೇ ಮಂಡಿಯವರ ಸಮಕ್ಕೆ ಬೆಲೆ ಕೂಗಬಹುದು.

ಆದರೆ ಬರೀ ಯಂತ್ರದಿಂದ ಹೊಟ್ಟೆ ತುಂಬೋಲ್ಲ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಸಣ್ಣ ರೈತ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಯಿಟ್ಟು, ಕೈ ಸಾಲಕ್ಕೆ ಸಿಕ್ಕಿ ಮನೆ ಬಾಗಿಲಲ್ಲೇ ಮಾರಿಬಿಟ್ಟರೆ ಟೆಂಡರ್ ಇದ್ದೇನು ಪ್ರಯೋಜನ? ಒಯ್ದರೂ ಎರಡು ಮೂಟೆ ದಪ್ಪದ್ದು ಸಣ್ಣದ್ದು ಬೆರೆಸಿ ಒಯ್ದರೆ ದೂರದ ಕೊಳ್ಳುವವನು ಯಾಕೆ ತಿರುಗಿ ನೋಡಿಯಾನು? ಇನ್ನೊಂದು ಮಾತು, ಹೊಸ ಯಂತ್ರವನ್ನು ದೊಡ್ಡವರೂ ನಾಳೆ ಕೊಳ್ತಾರೆ. ಅವರು ಎಚ್ಚರಗೊಳ್ಳುವವರೆಗಿನ ಸಮಯವೇ ನಮ್ಮ ಬಂಡವಾಳ.

ಆದ್ದರಿಂದ ಸಭೆಯ ಮುಂದೆ ನಮ್ಮ ಸಲಹೆ ಇಷ್ಟೆ. ಹಾಲಿನಲ್ಲಿ ಮಾಡಿದ್ದನ್ನು ಕೊಬ್ಬರಿಯಲ್ಲೂ ಮಾಡೋಣ. ಊರಿನಲ್ಲೇ ಗಾತ್ರ, ಗುಣ ನೋಡಿ ಬೇರೆ ಮಾಡಿ, ತೂಕ ಹಾಕಿ, ಸಂಘದ ಹೆಸರಿನಲ್ಲಿ ಒಂದೇ ಲಾಟು ಕಳಿಸೋಣ. ಬಂದ ಹಣ ಅವರವರ ಖಾತೆಗೇ ಹೋಗಲಿ. ಬೈಲಾದಲ್ಲಿ ಇದಕ್ಕೆ ಅವಕಾಶ ಇದೆಯೋ, ತಿದ್ದುಪಡಿ ಬೇಕೋ ಅನ್ನುವುದನ್ನು ಸಹಕಾರ ಇಲಾಖೆಯವರಲ್ಲಿ ಕೇಳಿ, ಬರುವ ಮಹಾಸಭೆಯಲ್ಲಿ ತೀರ್ಮಾನ ಮಾಡೋಣ. ಹನಿ ಹನಿ ಕೂಡಿದರೆ ಹಳ್ಳ ಅನ್ನೋದನ್ನು ಹಾಲಿನ ಕ್ಯಾನುಗಳಲ್ಲಿ ನಾವೇ ಕಂಡಿದ್ದೇವೆ.